ಸ್ಫಟಿಕದ ಗೋಳವನ್ನು ದಿಟ್ಟಿಸುವವರಿಗೆ ನಿಜಕ್ಕೂ ಏನಾದರೂ ಕಾಣುತ್ತದೆಯೇ?
ಕಾಣುತ್ತದೆ, ಆದರೆ ಅದು ಭವಿಷ್ಯವಲ್ಲ. ಹೊಳೆಯುವ ಮೇಲ್ಮೈಯನ್ನು ದಿಟ್ಟಿಸಿ ಕಣಿ ಹೇಳುವ ಈ ಪದ್ಧತಿಗೆ ಗೋಳವೇ ಬೇಕೆಂದೇನಿಲ್ಲ. ನೀರು, ಎಣ್ಣೆ, ಶಾಯಿ, ಕನ್ನಡಿ ಎಲ್ಲವೂ ಬಳಕೆಯಲ್ಲಿದ್ದವು. ಬೈಬಲ್ಲಿನ ಆದಿಕಾಂಡದಲ್ಲಿ ಯೋಸೇಫನ ಬೆಳ್ಳಿಯ ಪಾನಪಾತ್ರೆಗೂ ಇದೇ ಕೆಲಸ.

ಸ್ವಾರಸ್ಯವಿರುವುದು ಜಾನ್ ಡೀ ಕಥೆಯಲ್ಲಿ. ಆತ ಗಣಿತಜ್ಞ, ಒಂದನೇ ಎಲಿಜಬೆತ್ ರಾಣಿಯ ಸಲಹೆಗಾರ. 1582ರಿಂದ ಎಡ್ವರ್ಡ್ ಕೆಲ್ಲಿ ಎಂಬಾತ ಹರಳಿನಲ್ಲಿ ದೇವದೂತರನ್ನು ಕಂಡು ಹೇಳುತ್ತಿದ್ದ, ಡೀ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದ. 1587ರಲ್ಲಿ ಆ ದೇವದೂತರು, ಡೀ ಮತ್ತು ಕೆಲ್ಲಿ ತಮ್ಮ ಹೆಂಡತಿಯರನ್ನು ಹಂಚಿಕೊಳ್ಳಬೇಕೆಂದು ಅಪ್ಪಣೆ ಕೊಡಿಸಿದರಂತೆ. ಅಪ್ಪಣೆ ಯಾರ ಬಾಯಿಂದ ಬಂತು ಎಂಬುದನ್ನು ಗಮನಿಸಿ! ಡೀಯದ್ದೆನ್ನಲಾದ ಕಪ್ಪು ಕನ್ನಡಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ; ಅದು ಮೆಕ್ಸಿಕೋದ ಜ್ವಾಲಾಮುಖಿ ಗಾಜಿನಿಂದ ಆಜ್ಟೆಕರು ಮಾಡಿದ್ದು.

ವಿಧಾನ ಸರಳ: ಮಂದ ಬೆಳಕು, ಕದಲದ ನೋಟ. ಒಂದೇ ಬಿಂದುವಿನಲ್ಲಿ ಕಣ್ಣು ನೆಟ್ಟರೆ ಸುತ್ತಲಿನದು ಮಾಸುತ್ತದೆ ಎಂದು ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಗುರುತಿಸಿದ್ದ. ಆ ತೆರವನ್ನು ಮಿದುಳು ತನಗೆ ತೋಚಿದಂತೆ ತುಂಬಿಕೊಳ್ಳುತ್ತದೆ. ಇಟಲಿಯ ಮನೋವಿಜ್ಞಾನಿ ಜಿಯೊವಾನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಬ್ಬುಗತ್ತಲಲ್ಲಿ 10 ನಿಮಿಷ ಕನ್ನಡಿ ನೋಡಿದವರಲ್ಲಿ ಹೆಚ್ಚಿನವರಿಗೆ ತಮ್ಮದೇ ಮುಖ ವಿಕಾರವಾಗಿ ಕಂಡಿತು. ಕೆಲವರಿಗೆ ಅಪರಿಚಿತರೂ ಪ್ರಾಣಿಗಳೂ ಕಂಡವು. ಅವರಲ್ಲಿ ಯಾರೂ ಮಂತ್ರ ಹೇಳಿರಲಿಲ್ಲ.