ಮೇ ತಿಂಗಳ ಬಾವಿ ನೀರು, ಮೀನಿನ ಡಬ್ಬ, ಬಸಳೆ ಕುಡಿ: ಮಣ್ಣಿಲ್ಲದ ಕೈತೋಟದ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಣ್ಣಿಲ್ಲದೆ ನೀರಲ್ಲೇ ತರಕಾರಿ ಬೆಳೆಯೋ ಹೈಡ್ರೋಪೋನಿಕ್ಸ್ ಬಗ್ಗೆನೇ ಇದ್ವು, ಅದ್ರಲ್ಲಿ ನಮ್ಮ ಕರಾವಳಿ ಮತ್ತೆ ಘಟ್ಟದ ಮೇಲಿನವರದ್ದು ಐದು ಆರಿಸ್ಕೊಂಡಿದ್ದೇನೆ.

ಪ್ರಶ್ನೆ: ಟೆರೇಸ್ ಮೇಲೆ ಪೈಪಲ್ಲಿ ಲೆಟ್ಯೂಸ್ ಹಾಕಿದ್ದೆ. ಜನವರಿಲಿ ಚಂದ ಬಂತು, ಏಪ್ರಿಲ್ ಮೇಲೆ ಎಲೆ ಅಂಚು ಸುಟ್ಟ ಹಾಗೆ ಆಗಿ ಬೇರು ಕಂದಾಗಿ ಲೋಳೆ ಆಯ್ತು. ಗೊಬ್ಬರ ಸಾಲ್ತಿಲ್ಲ ಅಂತ ಡಬಲ್ ಹಾಕಿದೆ, ಇನ್ನೂ ಬೇಗ ಸತ್ತವು. ಬಾವಿ ನೀರಲ್ಲಿ ಟಿಡಿಎಸ್ ಪೆನ್ (ನೀರಲ್ಲಿ ಕರಗಿದ ಲವಣ ಅಳೆಯೋದು) 950 ತೋರಿಸ್ತದೆ. (ಕೋಡಿಬಾಗ, ಕಾರವಾರದ ಗೃಹಿಣಿ)

ಉತ್ತರ: ಅಕ್ಕಾ, ಮೊದ್ಲು ಆ ಡಬಲ್ ಗೊಬ್ಬರ ನಿಲ್ಸಿ. ಸೊಪ್ಪಿನ ಗಿಡಕ್ಕೆ ಗೊಬ್ಬರ ಎಲ್ಲ ಸೇರಿ ನೀರಿನ ಇಸಿ (ಕರಗಿದ ಲವಣ ಎಷ್ಟಿದೆ ಅಂತ ಹೇಳೋ ಇನ್ನೊಂದು ಅಳತೆ) 1.2ರಿಂದ 1.8 ಇದ್ರೆ ಸಾಕು, ಆ ಪೆನ್ ತೋರಿಸೋ ಸಂಖ್ಯೆನ 500ರಿಂದ ಭಾಗಿಸಿದ್ರೆ ಇಸಿ ಸಿಗ್ತದೆ (ಕಡಿಮೆ ಬೆಲೆಯ ಪೆನ್‌ಗಳಲ್ಲಿ ಹೆಚ್ಚಿನವುಗಳ ಲೆಕ್ಕ ಇದೇ), ಅಂದ್ರೆ ನಿಮ್ಮ ಬಾವಿ ನೀರು ಒಂದು ಚಿಟಿಕೆ ಗೊಬ್ಬರ ಬೀಳೋ ಮೊದ್ಲೇ 1.9 ಇದೆ, ಮತ್ತೆ ಅದ್ರಲ್ಲಿ ಇರೋದು ಗಿಡಕ್ಕೆ ಬೇಕಾದ್ದಲ್ಲ, ಬಹುಪಾಲು ಉಪ್ಪು. ಕಾಳಿ ನದಿ ಸಮುದ್ರ ಸೇರೋ ಜಾಗದಲ್ಲಿದ್ದೀರಿ, ಬೇಸಿಗೇಲಿ ಹೊಳೆ ನೀರು ಇಳಿದಾಗ ಭರತದ ಉಪ್ಪುನೀರು ಒಳಗೆ ಬರ್ತದೆ, ಬಾವಿನೂ ಸವಳಾಗ್ತದೆ. ಅಘನಾಶಿನಿ ಗಜನಿಯ (ಉಪ್ಪುನೀರು ಹೊಗೋ ಗದ್ದೆಯ) ಕಗ್ಗ ಭತ್ತ ಇದನ್ನ ತಡ್ಕೊಳ್ತದೆ, ಲೆಟ್ಯೂಸ್ ತಡ್ಕೊಳ್ಳೋದಿಲ್ಲ.

ಎರಡನೇ ಪೆಟ್ಟು ಬಿಸಿಯದ್ದು. ಬೇರಿಗೆ ನೀರಷ್ಟೇ ಸಾಲೋದಿಲ್ಲ, ಉಸಿರೂ ಬೇಕು. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡ್ಕೊಳ್ತದೆ, 30ಕ್ಕೆ ಹೋದ್ರೆ ಏಳೂವರೆ, ಬಿಸಿಗೆ ಬೇರು ಕೇಳೋದೂ ಜಾಸ್ತಿ ಸಿಗೋದು ಕಡಿಮೆ, ಆ ಹೊತ್ತಿಗೆ ಪೈಥಿಯಂ ಅನ್ನೋ ಕೊಳೆರೋಗ ಬಂದು ಕೂತ್ಕೊಳ್ತದೆ. ಟೆರೇಸಿನ ಬಿಸಿಲಲ್ಲಿ ಸಣ್ಣ ಪೈಪಿನ ನೀರು ಎಷ್ಟು ಕಾಯ್ತದೆ ಅಂತ ಮಧ್ಯಾಹ್ನ ಒಮ್ಮೆ ಬೆರಳು ಅದ್ದಿ ನೋಡಿ. ನಾನೂ ಒಂದು ಮೇ ತಿಂಗಳಲ್ಲಿ ಹೀಗೇ ಒಂದು ಸಾಲು ಪೂರ್ತಿ ಕಳ್ಕೊಂಡಿದ್ದೇನೆ, ಸಂಜೆ ನೋಡಿದಾಗ ನೀರು ಬಚ್ಚಲ ಹಂಡೆ ನೀರಿನ ಹಾಗಿತ್ತು.

ಇದಕ್ಕೆ ನಮ್ಮೂರಲ್ಲೇ ದಾರಿ ಇದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, 10 ಚದರ ಮೀಟರ್ ಮಾಡಿಂದ 100 ಮಿಲಿಮೀಟರ್ ಮಳೆಗೆ 1000 ಲೀಟರ್ ಹತ್ರ ಸಿಗ್ತದೆ, ಅದ್ರಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಮೊದಲ ಮಳೆ ಬಿಟ್ಟು, ಮಾಡಿನ ಕಸ ತೊಳೆದು ಹೋದ ಮೇಲೆ ಬೆಳಕು ಬೀಳದ ಡ್ರಮ್ಮಲ್ಲಿ ಹಿಡಿದು ಮುಚ್ಚಿಡಿ. ಒಂದು ಲೆಟ್ಯೂಸ್ ಹುಟ್ಟಿ ಕೊಯ್ಲಿಗೆ ಬರೋವರೆಗೆ ಸುಮಾರು ನಾಲ್ಕು ಲೀಟರ್ ಕುಡೀತದೆ, ಹಾಗಾಗಿ 200 ಲೀಟರ್ ಡ್ರಮ್ ಒಂದಕ್ಕೆ 50 ಗಿಡ.

ಪೈಪ್ ಬಿಡಿ. ಮೀನು ಮಾರ್ಕೆಟಿನ ಥರ್ಮಾಕೋಲ್ ಡಬ್ಬ ತನ್ನಿ, ಐಸ್ ಕರಗದ ಹಾಗೆ ಇಡೋ ಡಬ್ಬ ಬೇರನ್ನೂ ತಂಪಾಗಿಡ್ತದೆ. ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗ್ಸಿ, ಉಪ್ಪೂ ವಾಸನೇನೂ ಹೋಗ್ಲಿ, ಒಳಗೆ ಕರಿ ಪ್ಲಾಸ್ಟಿಕ್ ಹಾಸಿ ಯಾಕಂದ್ರೆ ಬೆಳಕು ಹೊಕ್ಕರೆ ಪಾಚಿ. ಮುಚ್ಚಳಕ್ಕೆ ಎರಡಿಂಚಿನ ತೂತು, ಅದ್ರಲ್ಲಿ ಗಿಡ ಕೂರ್ಸೋ ನೆಟ್ ಪಾಟ್ (ತೂತು ತೂತಿನ ಸಣ್ಣ ಪ್ಲಾಸ್ಟಿಕ್ ಕುಂಡ). ಸುರುವಿಗೆ ನೀರು ಪಾಟಿನ ತಳ ಮುಟ್ಲಿ, ಆಮೇಲೆ ಇಳೀತಾ ಹೋಗ್ತದೆ, ಆವಾಗ ಹೆದರಿ ಮತ್ತೆ ತುಂಬ ತುಂಬಿಸ್ಬೇಡಿ, ಮೇಲೆ ಗಾಳಿಗೆ ಬಿಟ್ಟ ಬೇರು ಉಸಿರಾಡೋ ಬೇರು, ಅದು ಮುಳುಗಿದ್ರೆ ಗಿಡ ಸೊರಗ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅನ್ನೋರು ತೋರಿಸಿಕೊಟ್ಟ ಪದ್ಧತಿ ಇದು, ಪಂಪೂ ಬೇಡ ಕರೆಂಟೂ ಬೇಡ.

ಗೊಬ್ಬರ ಹೈಡ್ರೋಪೋನಿಕ್ಸಿಗೇ ಅಂತ ಬರೋ 4:18:38 ಮಿಕ್ಸ್ (ಸಾರಜನಕ, ರಂಜಕ, ಪೊಟ್ಯಾಷ್ ಪಾಲು) ಲೀಟರಿಗೆ 0.6 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 0.3, ಕ್ಯಾಲ್ಸಿಯಂ ನೈಟ್ರೇಟ್ 0.6. ಮೊದಲೆರಡು ಡಬ್ಬದ ನೀರಲ್ಲಿ ಕರಗಿದ ಮೇಲೇ, ಬೇರೆ ಮಗ್ಗಲ್ಲಿ ಕರಗಿಸಿಟ್ಟ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ, ದಪ್ಪ ದ್ರಾವಣದಲ್ಲಿ ಎಲ್ಲ ಒಟ್ಟಿಗೆ ಕಲಸಿದ್ರೆ ಹಾಲು ಒಡೆದ ಹಾಗೆ ಬಿಳಿ ಗಷ್ಟು ತಳ ಸೇರ್ತದೆ, ಅದು ಗಿಡಕ್ಕೆ ಸಿಗೋದಿಲ್ಲ.

ಮತ್ತೆ ಬೇಸಿಗೇಲಿ ಲೆಟ್ಯೂಸ್ ಹಠ ಬೇಡ ಅಕ್ಕಾ, ಸೆಖೆಗೆ ಅದು ಹೂಕಾಂಡ ಬಿಟ್ಟು ಕಹಿ ಆಗ್ತದೆ. ಬಸಳೆ ಕುಡಿ ನೀರಲ್ಲಿಟ್ರೆ ತಾನಾಗೇ ಬೇರು ಬಿಡ್ತದೆ, ಕೆಂಪು ಹರಿವೆನೂ ಸೆಖೆ ಅಂದ್ರೆ ಖುಷಿಪಡ್ತದೆ, ಪದಾರ್ಥಕ್ಕೆ ನಮ್ಗೆ ಬೇಕಾದ್ದೂ ಅದೇ ಅಲ್ವಾ.

ಪ್ರಶ್ನೆ: ಕೆಮಿಕಲ್ ಬೇಡ ಅನ್ಸ್ತದೆ. ಸಗಣಿ ನೀರು, ಇಲ್ಲಾಂದ್ರೆ 19:19:19 ಹಾಕಬಹುದಾ? (ಹೊನ್ನಾವರದ ಓದುಗ)

ಉತ್ತರ: ಸಗಣಿ ನೀರು ಡಬ್ಬಕ್ಕೆ ಬೇಡವೇ ಬೇಡ. ಮಣ್ಣಲ್ಲಾದ್ರೆ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನ ಕೊಳೆಸಿ ಲವಣ ಮಾಡಿ ಬೇರಿಗೆ ಕೊಡ್ತವೆ, ನಿಂತ ನೀರಲ್ಲಿ ಅದು ಬರೀ ಕೊಳೀತದೆ, ಇದ್ದ ಆಮ್ಲಜನಕನೂ ತಿಂದು ನಾರ್ತದೆ. ಗಿಡ ಬೇರಿಂದ ಎಳ್ಕೊಳ್ಳೋದು ಕರಗಿದ ಲವಣಗಳನ್ನ, 1860ರ ದಶಕದಲ್ಲೇ ಜರ್ಮನಿಯ ಸಾಕ್ಸ್ ಮತ್ತೆ ಕ್ನಾಪ್ ಬರೀ ಲವಣದ ನೀರಲ್ಲಿ ಗಿಡ ಬೆಳೆಸಿ ತೋರಿಸಿದ್ರು. ನಿಮ್ಮ ಕೊಟ್ಟಿಗೆ ಗೊಬ್ಬರ ತೆಂಗಿನ ಬುಡಕ್ಕೇ ಹೋಗ್ಲಿ, ಅಲ್ಲಿ ಅದಕ್ಕಿಂತ ಒಳ್ಳೇದಿಲ್ಲ. 19:19:19ರಲ್ಲಿ ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಯೂರಿಯಾ ರೂಪದಲ್ಲಿರ್ತದೆ, ಅದಕ್ಕೂ ಮಣ್ಣಿನ ಜೀವಿಗಳೇ ಬೇಕು, ಕ್ಯಾಲ್ಸಿಯಂ ಅಂತೂ ಇಲ್ಲ.

ಪ್ರಶ್ನೆ: ಮನೆ ಹತ್ರ ಕತ್ತದ ಕೆಲಸ ನಡೀತದೆ, ನಾರಿನ ಪುಡಿ ಪುಕ್ಕಟೆ ಸಿಗ್ತದೆ. ಪಾಟಿಗೆ ತುಂಬೋ ಅಂಗಡಿಯ ಕೊಕೊಪೀಟ್ ಬದ್ಲು ಬಳಸ್ಲಾ? (ಕುಮಟಾ)

ಉತ್ತರ: ಬಳಸಿ, ಆದ್ರೆ ಸಿಪ್ಪೆ ಹಿನ್ನೀರಲ್ಲಿ ಕೊಳೆಹಾಕಿದ್ದಾದ್ರೆ ಪುಡಿ ತುಂಬ ಉಪ್ಪು. ನಾಲ್ಕೈದು ಸಲ ಸಿಹಿ ನೀರಲ್ಲಿ ತೊಳೆದು ಹಿಂಡಿ, ಹಿಂಡಿದ ನೀರಿಗೆ ಟಿಡಿಎಸ್ ಪೆನ್ ಹಾಕಿ ನೋಡಿ, ಸಿಹಿ ನೀರಿನ ಸಂಖ್ಯೆ ಹತ್ರ ಬರೋವರೆಗೂ ಬಿಡ್ಬೇಡಿ.

ಪ್ರಶ್ನೆ: ಮಗ ಬೆಂಗಳೂರಿಂದ ವಾಪಸ್ ಬಂದಿದ್ದಾನೆ, ಸಾಲ ಮಾಡಿ ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಮನೆ) ಹಾಕಿ ಲೆಟ್ಯೂಸ್ ಬೆಳೀತೇನೆ ಅಂತಾನೆ. ಸೆಟಪ್ ಹಾಕಿಕೊಡೋರು ಬೆಳೆ ತಾವೇ ಕೊಳ್ತೇವೆ ಅಂತ ಹೇಳಿದ್ದಾರೆ. (ಶಿರಸಿಯ ಅಡಿಕೆ ಬೆಳೆಗಾರ)

ಉತ್ತರ: ಮಗ ಊರಿಗೆ ಬಂದದ್ದು ನಂಗೆ ನಿಜಕ್ಕೂ ಸಂತೋಷ ರಾಯರೇ, ಅವನ ಉತ್ಸಾಹಕ್ಕೆ ತಣ್ಣೀರು ಹಾಕ್ಬೇಡಿ, ಸಾಲಕ್ಕೆ ಮಾತ್ರ ಈಗ್ಲೇ ಒಪ್ಪಬೇಡಿ. ಶಿರಸಿಲಿ ನೀರು ಸಿಹಿ, ಹವೆ ತಂಪು, ಅದು ದೊಡ್ಡ ಅನುಕೂಲ. ಕಷ್ಟ ಇರೋದು ಎರಡು ಕಡೆ. ಅವ್ರು ಹಾಕೋದು ಎನ್‌ಎಫ್‌ಟಿ ಆದ್ರೆ ಬೇರಿನ ಕೆಳಗೆ ತೆಳು ಪದರದ ಹಾಗೆ ನೀರು ಹರೀತಾ ಇರ್ಬೇಕು, ಬಿಸಿಲ ದಿನ ಪಂಪ್ ನಿಂತ್ರೆ ಕೆಲವೇ ಗಂಟೆಲಿ ಗಿಡ ಬಾಡ್ತದೆ, ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದ್ರೆ ನಮ್ಮಲ್ಲಿ ಕರೆಂಟ್ ಯಾವಾಗ ಬರ್ತದೆ ಅಂತ ನಿಮ್ಗೇ ಗೊತ್ತು, ಹಾಗಾಗಿ ಇನ್ವರ್ಟರ್ ಖರ್ಚು ಲೆಕ್ಕದಲ್ಲಿ ಇದೆಯಾ ಕೇಳಿ. ಇನ್ನೊಂದು ಬೆಳಕು. ಜೂನಿಂದ ಆಗಸ್ಟ್ ತನಕ ಮೋಡದಲ್ಲಿ ಸೊಪ್ಪು ನಿಧಾನ, ಅದ್ರ ಮೇಲೆ ಬೆಳಕು ಕಡಿಮೆ ಇದ್ದಾಗ ಎಲೇಲಿ ನೈಟ್ರೇಟ್ ಶೇಖರ ಆಗ್ತದೆ, ಅದು ತಿನ್ನೋರಿಗೆ ಜಾಸ್ತಿ ಆಗ್ಬಾರ್ದು, ಕೊಯ್ಯೋ ಮುಂಚೆ ಎರಡು ಮೂರು ದಿನ ಗೊಬ್ಬರ ಬಿಟ್ಟು ಬರೀ ನೀರು ಕೊಟ್ರೆ ಇಳೀತದೆ. ಗೋವಾದ ಹೋಟೆಲ್ ಮಾರುಕಟ್ಟೆ ನೆಚ್ಕೊಂಡಿದ್ರೆ ಅಲ್ಲೂ ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ.

ತಾವೇ ಕೊಳ್ತೇವೆ ಅನ್ನೋ ಮಾತು ಕಾಗದದ ಮೇಲೆ ಇರ್ಲಿ, ಕೆಜಿಗೆ ಎಷ್ಟು, ಎಷ್ಟು ವರ್ಷ, ಗುಣಮಟ್ಟ ಸರಿ ಇಲ್ಲ ಅಂತ ಬಿಡೋರು ಯಾರು ಅಂತ ಬರೆಸ್ಕೊಳ್ಳಿ. ಅದಕ್ಕಿಂತ ಅವ್ನು ಮೊದ್ಲು ಅಂಗಳದಲ್ಲಿ 20 ಡಬ್ಬ ಇಟ್ಟು ಒಂದು ಪೂರ್ತಿ ವರ್ಷ ಬೆಳೆದು, ತಾನೇ ಹೋಗಿ ಮಾರಿ ಬರ್ಲಿ. ಆ ವರ್ಷದ ಲೆಕ್ಕದ ಪುಸ್ತಕ ಎದುರಿಟ್ಟು ಅಪ್ಪ ಮಗ ಕೂತು ಮಾತಾಡಿ.

ಪ್ರಶ್ನೆ: ಡಬ್ಬದಲ್ಲಿ ನಿಂತ ನೀರಿಗೆ ಸೊಳ್ಳೆ ಆಗೋದಿಲ್ವಾ? ಉಳಿದ ನೀರು ಎಲ್ಲಿ ಚೆಲ್ಲೋದು? (ಅಂಕೋಲಾ)

ಉತ್ತರ: ಸಂದು ಬಿಟ್ರೆ ಖಂಡಿತ ಆಗ್ತದೆ, ಡೆಂಗಿ ಸೊಳ್ಳೆಗೆ ಇಂಥಾ ನೀರೇ ಬೇಕು. ಮುಚ್ಚಳ ಗಟ್ಟಿ ಕೂರ್ಲಿ, ಪಾಟ್ ಸುತ್ತ ಹಳೆ ಬಟ್ಟೆ ತುರುಕಿ, ಖಾಲಿ ತೂತು ಒಂದನ್ನೂ ಹಾಗೇ ಬಿಡ್ಬೇಡಿ, ವಾರಕ್ಕೊಮ್ಮೆ ಮುಚ್ಚಳ ಎತ್ತಿ ಮರಿ ಇದೆಯಾ ನೋಡಿ. ಉಳಿದ ನೀರನ್ನ ಬಾವಿ ಹತ್ರ ಚೆಲ್ಲಬೇಡಿ, ಇನ್ನಷ್ಟು ನೀರು ಬೆರೆಸಿ ದಾಸವಾಳಕ್ಕೋ ಬಾಳೆ ಬುಡಕ್ಕೋ ಹಾಕಿ.