ಬಾಣಂತನಕ್ಕೆ ಹೊರಟವರ ಮನೆ ಲೆಕ್ಕ

ಮನೆ ಲೆಕ್ಕಕ್ಕೆ ಸಲಹೆ ಕೇಳಿ ಬಂದವರು ತೀರ್ಥಹಳ್ಳಿ ಕಡೆಯ ದಂಪತಿ. ಗಂಡನಿಗೆ 64, ನಿವೃತ್ತ ಶಿಕ್ಷಕರು, ಹೆಂಡತಿಗೆ 59. ಪಿಂಚಣಿ ಬರುತ್ತದೆ, ಜೊತೆಗೆ ಎರಡೆಕರೆ ಅಡಿಕೆ ತೋಟ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದೆ. ಅಮೆರಿಕದಲ್ಲಿರುವ ಮಗಳಿಗೆ ಆಗಸ್ಟ್ ಎರಡನೇ ವಾರ ಎರಡನೇ ಹೆರಿಗೆ. ಮೊದಲ ಬಾಣಂತನಕ್ಕೆ ಜೂನ್‌ನಿಂದ ನವೆಂಬರ್ ತನಕ ಆರು ತಿಂಗಳು ಹೋಗಿ ಬಂದಿದ್ದರು. ಆಗ ಶುರುವಾದ ಜಗಳ ಇನ್ನೂ ಮುಗಿದಿರಲಿಲ್ಲ.

‘ಅಲ್ಲಿ ಇವಳು ಕೈ ಬಿಗಿ ಹಿಡೀಲಿಲ್ಲ, ಇಲ್ಲಿ ತೋಟ ಹಾಳಾಯ್ತು’ ಎನ್ನುವುದು ಗಂಡನ ದೂರು. ಆಕೆ ಮಾತಾಡದೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಪುಟದ ಎಡಕ್ಕೆ ಡಾಲರ್, ಬಲಕ್ಕೆ ರೂಪಾಯಿ. ‘ಕೊತ್ತಂಬರಿ 1 ಕಟ್ಟು, 1.29, 110’. ಅದರ ಮುಂದೆ ಮೂರು ವಾರ ಕೊತ್ತಂಬರಿಯ ಸುದ್ದಿಯೇ ಇಲ್ಲ. ಆರು ತಿಂಗಳ ಇಬ್ಬರ ಸ್ವಂತ ಖರ್ಚು ಕೂಡಿಸಿದರೆ 60 ಸಾವಿರ ದಾಟಲಿಲ್ಲ. ದುಡ್ಡು ಸೋರಿದ್ದು ಅಮೆರಿಕದಲ್ಲಲ್ಲ, ಊರಿನಲ್ಲಿ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಹಾಗೇ ಆಗುತ್ತದೆ.

ಆಗಿದ್ದಿಷ್ಟು. ಅಡಿಕೆಗೆ ಕೊಳೆರೋಗ ತಡೆಯುವ ಮೊದಲ ಔಷಧಿ ಹೊಡೆಸಿ ವಿಮಾನ ಹತ್ತಿದ್ದರು. 40-45 ದಿನಕ್ಕೆ ಎರಡನೆಯದು ಆಗಬೇಕು. ತೋಟ ನೋಡಿಕೊಳ್ಳಲು ಗಂಡನ ತಮ್ಮನ ಕೈಗೆ ಕೊಟ್ಟಿದ್ದ ನಗದು ಕಳೆ ಹೊಡೆಸುವುದಕ್ಕೇ ಮುಗಿದಿತ್ತು. ಇವರು ಅಲ್ಲಿ ಹೊಸ ಸಿಮ್ ಹಾಕಿಕೊಂಡು ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟಿದ್ದರು. ಒಟಿಪಿ ಬರಲಿಲ್ಲ, ಯುಪಿಐ ತೆರೆಯಲಿಲ್ಲ. ಔಷಧಿ ಹೊಡೆಯುವವರು ಬೇರೆ ತೋಟಕ್ಕೆ ಹೋದರು. ಇಪ್ಪತ್ತು ದಿನ ತಡವಾಯಿತು, ಅಷ್ಟರಲ್ಲಿ ಕೊಳೆ ಬಂತು. ಸೆಪ್ಟೆಂಬರ್‌ನಲ್ಲಿ ಸೊಸೈಟಿಯ ಬೆಳೆಸಾಲದ ವಾಯಿದೆಯೂ ಮೀರಿ ಸೊನ್ನೆ ಬಡ್ಡಿ ಕೈತಪ್ಪಿತು.

ಈ ಸಲದ ಮೊದಲ ಸಲಹೆ: ಇಬ್ಬರೂ ಒಟ್ಟಿಗೆ ಹೊರಡುವುದು ಬೇಡ. ಆಕೆ ಜುಲೈ ಮಧ್ಯದಲ್ಲಿ ಹೋಗಲಿ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಸಹಾಯ ಕೇಳಿದರೆ ಭಾಷೆಯ ಭಯವೂ ಕಡಿಮೆ. ಗಂಡ ಎರಡನೇ ಔಷಧಿ ಮುಗಿಸಿ ಆಗಸ್ಟ್ ಮೊದಲ ವಾರ ಹೊರಡಲಿ. ನವೆಂಬರ್ ಮೂರನೇ ವಾರ ಇಬ್ಬರೂ ವಾಪಸ್. ಪಿಂಚಣಿಯ ಜೀವಂತ ಪ್ರಮಾಣಪತ್ರವೂ ಆ ತಿಂಗಳೊಳಗೆ ಮುಗಿಯುತ್ತದೆ. ವೀಸಾ ಹತ್ತು ವರ್ಷದ್ದಾದರೂ ಅಲ್ಲಿ ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಇಳಿದಾಗ ಸಿಗುವ ಐ-94 ದಾಖಲೆಯ ತಾರೀಕು. ಅದನ್ನು ಮಗಳು ಆನ್‌ಲೈನ್‌ನಲ್ಲಿ ನೋಡಿ ಬರೆದಿಡಬೇಕು.

ಎರಡನೆಯದು, ತೋಟದ ದುಡ್ಡನ್ನು ಪ್ರಯಾಣದ ದುಡ್ಡಿನಿಂದ ಬೇರೆ ಮಾಡುವುದು. ಹಿಂದಿನ ವರ್ಷದ ಪುಸ್ತಕ ನೋಡಿ ಲೆಕ್ಕ ಹಾಕಿದೆವು. ಮಳೆ ಎಳೆದರೆ ಮೂರನೇ ಔಷಧಿಗೆ 24 ಸಾವಿರ, ಕಳೆಗೆ 12 ಸಾವಿರ, ಮನೆ ಕಾಯುವವರಿಗೆ ತಿಂಗಳಿಗೆ 4,500ರಂತೆ ನಾಲ್ಕು ತಿಂಗಳಿಗೆ 18 ಸಾವಿರ. ಒಟ್ಟು 54 ಸಾವಿರ. ಮೇಲೆ 6 ಸಾವಿರ ಸೇರಿಸಿ 60 ಸಾವಿರ. ಇದನ್ನು ಅಣ್ಣ-ತಮ್ಮನ ಜಂಟಿ ಖಾತೆಯಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದಂತೆ ಇಡಬೇಕು. ಕಾರ್ಡು, ಯುಪಿಐ ಎರಡೂ ತಮ್ಮನ ಫೋನಿನಲ್ಲೇ ಇರಲಿ. ‘ಅವನು ಖರ್ಚು ಮಾಡಿಬಿಟ್ರೆ?’ ಎಂದರು. ತೋಟ ನಂಬಿ ಬಿಟ್ಟವರ ಮೇಲೆ 60 ಸಾವಿರಕ್ಕೆ ಅನುಮಾನವೇ ಎಂದಾಗ ಸುಮ್ಮನಾದರು.

ಔಷಧಿ ಎಂದರೆ ಬೋರ್ಡೋ ದ್ರಾವಣ. ಸಾವಿರ ಮರಕ್ಕೆ ತಲಾ ಎರಡು ಲೀಟರ್ ಎಂದರೆ 2,000 ಲೀಟರ್. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಅಂದರೆ ತಲಾ 20 ಕೆ.ಜಿ. ಮೈಲುತುತ್ತ ಹೋಗುವ ಮೊದಲೇ ತಂದಿಡಬಹುದು. ಸುಣ್ಣ ಬೇಡ, ಮಲೆನಾಡಿನ ತಂಡಿಗೆ ಅರಳಿ ಹಿಟ್ಟಾಗುತ್ತದೆ. ಅಕ್ಟೋಬರ್ ಕೊನೆಗೆ ಬರುವ ಕೊಯ್ಲು ಚೇಣಿಗೆ, ಅಂದರೆ ಗುತ್ತಿಗೆಗೆ. ಕ್ವಿಂಟಲ್ ಹಸಿ ಅಡಿಕೆಗೆ ಎಷ್ಟು ಕೆ.ಜಿ. ಒಣ ಅಡಿಕೆ ಕೊಡಬೇಕು ಎಂಬುದನ್ನು ಕಾಗದದಲ್ಲಿ ಬರೆಸಿ, ತೂಕದ ಚೀಟಿಯ ಫೋಟೋ ಅಂದಂದೇ ವಾಟ್ಸಾಪ್‌ಗೆ ಬರಲಿ. ಸೊಸೈಟಿ ಸಾಲವನ್ನು ಹೊರಡುವ ಮೊದಲೇ ಕಟ್ಟಿ ನವೀಕರಿಸಬೇಕು, ಏಕೆಂದರೆ ಅದಕ್ಕೆ ಸಹಿ ಮಾಡಲು ಅವರೇ ಬೇಕು.

ಪ್ರಯಾಣದ ಕಡೆ ವಿಷಯ ಚಿಕ್ಕದು. ಊರಿನ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್ ಇಲ್ಲಿಂದಲೇ ಆನ್ ಮಾಡಿಸಿ, ರೀಚಾರ್ಜ್ ತಪ್ಪಿಸಬಾರದು. ಕೈಖರ್ಚಿಗೆ ಇಬ್ಬರಿಗೂ ಸೇರಿ ತಿಂಗಳಿಗೆ 300 ಡಾಲರ್, ನಾಲ್ಕು ತಿಂಗಳಿಗೆ 1,200. ಇನ್ನೂರು ನಗದು, ಉಳಿದದ್ದು ಮೊದಲೇ ಡಾಲರ್ ತುಂಬಿಸಿಡುವ ಫಾರೆಕ್ಸ್ ಕಾರ್ಡಿನಲ್ಲಿ. ಮಾಮೂಲಿ ಡೆಬಿಟ್ ಕಾರ್ಡಿನಲ್ಲಿ ವಿದೇಶದ ಖರ್ಚಿಗೆ ಬ್ಯಾಂಕಿನ ಶೇ 3.5 ಶುಲ್ಕ (ಮಾರ್ಕಪ್) ಇದ್ದರೆ ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಲಕ್ಷಕ್ಕೆ 4,130 ರೂಪಾಯಿ ಹೋಗುತ್ತದೆ. ಅಂಗಡಿಯ ಮೆಷಿನ್ ‘ರೂಪಾಯಿಯೋ, ಡಾಲರೋ’ ಎಂದು ಕೇಳಿದರೆ ಡಾಲರ್ ಒತ್ತಬೇಕು. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ.

ಕಷ್ಟದ ಮಾತು ಇನ್ನೂ ಉಳಿದಿತ್ತು. ಹೋದ ಸಲ ಗಂಡನಿಗೆ ಬಿಪಿ ಏರಿ ಆಸ್ಪತ್ರೆಗೆ ಹೋಗಿದ್ದರು. ಮೊದಲಿನಿಂದ ಇದ್ದ ಕಾಯಿಲೆ ಎಂದು ವಿಮೆಯವರು ಹಣ ಕೊಡಲಿಲ್ಲ, ಬಿಲ್ ಅಳಿಯ ಕಟ್ಟಿದ. ಆವತ್ತಿನಿಂದ ಮಾವ ಆ ಮನೆಯಲ್ಲಿ ಎರಡನೇ ಸಲ ಕಾಫಿ ಕೇಳಲಿಲ್ಲವಂತೆ. ‘ಅಳಿಯನ ಹತ್ರ ಕೈ ಚಾಚೋದಾ?’ ಇಡೀ ಜಗಳದ ಬೇರು ಇಲ್ಲಿತ್ತು.

ಮುಂದಿನ ಭೇಟಿಗೆ ಮಗಳು, ಅಳಿಯ ವಿಡಿಯೋ ಕರೆಯಲ್ಲಿ ಸೇರಿದರು. ಟಿಕೆಟ್, ಕೈಖರ್ಚು ತಂದೆಯದು. ವಿಮೆ, ಅಲ್ಲಿನ ಆಸ್ಪತ್ರೆ ಖರ್ಚು ಮಗಳ ಮನೆಯದು. ವಿಮೆ ಕೊಳ್ಳುವಾಗ ಹಳೆಯ ಕಾಯಿಲೆ ದಿಢೀರ್ ಉಲ್ಬಣಿಸಿದರೆ ಎಷ್ಟರವರೆಗೆ ಕೊಡುತ್ತಾರೆ ಎಂಬ ಕಲಮನ್ನು ಓದಿಯೇ ಕೊಳ್ಳಬೇಕು. ಬಿಪಿ ಮಾತ್ರೆ, ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿ ಕೈಚೀಲದಲ್ಲಿರಲಿ. ಅಳಿಯ ಒಪ್ಪಿದ. ಮಾವ ತಲೆ ಅಲ್ಲಾಡಿಸಿದರು, ಮನಸ್ಸಿನಿಂದಲೋ ಅಲ್ಲವೋ ತಿಳಿಯಲಿಲ್ಲ.

ಆಕೆಗೆ ಹೇಳಿದ್ದು ಒಂದೇ. ನೋಟ್‌ಬುಕ್ ತೆಗೆದುಕೊಂಡು ಹೋಗಿ, ಬಲಗಡೆಯ ಸಾಲು ಬಿಡಿ. ಖರ್ಚನ್ನು ತಿಂಗಳ 300 ಡಾಲರಿನಲ್ಲಿ ಕಳೆಯುತ್ತಾ ಹೋಗಿ, ರೂಪಾಯಿಗೆ ಗುಣಿಸಬೇಡಿ. ನಕ್ಕರು. ‘ಪುಸ್ತಕದಲ್ಲಿ ಬರೆಯೋದಿಲ್ಲ ಬಿಡಿ. ತಲೇಲಿ ಗುಣಿಸೋದು ನಿಲ್ಲುತ್ತೆ ಅಂತ ಮಾತ್ರ ಹೇಳಲಾರೆ.’