ಕಾರ್ಬ್ಯುರೇಟರ್ ಕಾರಿಗೆ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಇಂಜೆಕ್ಟರ್‌ನಿಂದ ಪೆಟ್ರೋಲ್ ಹೋಗುವ) ಇಂಜಿನ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹಾಕಿಸಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ. ವೈರಿಂಗ್‌ನಲ್ಲಿ ಎಲ್ಲಿ ನೋಡಬೇಕು?

ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯಲ್ಲ, ಅಲ್ವಾ? ಸುಮ್ನೆ ಹೊಸ ಇಸಿಯು ತರಬೇಡಿ.

ಇಂಥ ಕನ್ವರ್ಷನ್‌ನಲ್ಲಿ ಇಸಿಯುವಿನ ಇಗ್ನಿಷನ್ ವೈರನ್ನು (ಕೀ ಆನ್ ಮಾಡಿದಾಗ ಕರೆಂಟ್ ಕೊಡುವ ವೈರ್) ಎಷ್ಟೋ ಸಲ ಸ್ಟೀರಿಯೋ ಲೈನಿನಿಂದ ಎಳೆದಿರುತ್ತಾರೆ. ಕೀ ಆನ್ ಮಾಡಿದಾಗ 12 ವೋಲ್ಟ್ ನೆಟ್ಟಗೆ ತೋರಿಸುತ್ತದೆ. ಸೆಲ್ಫ್ ಹೊಡೆದ ಕೂಡಲೇ ಆ ಲೈನ್ ಕಟ್ ಆಗುತ್ತದೆ! ಹಾಗಾಗಿ ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸುತ್ತಲೇ ಇಸಿಯು ಪಿನ್‌ನಲ್ಲಿ ಅಳೆಯಿರಿ.

ಅರ್ಥಿಂಗ್ ನೋಡುವಾಗ ಮೀಟರಿನ ಬೀಪ್ ನಂಬಬೇಡಿ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್‌ಗೂ ಇಸಿಯು ಅರ್ಥ್ ಪಿನ್ನಿಗೂ ನಡುವೆ 0.1 ವೋಲ್ಟ್‌ಗಿಂತ ತುಂಬಾ ಜಾಸ್ತಿ ಬಂದರೆ ಜಾಯಿಂಟ್ ಬಿಚ್ಚಿ, ಪೇಂಟ್ ಕೆರೆದು, ಮತ್ತೆ ಬಿಗಿಯಿರಿ.

ಎರಡೂ ಸರಿಯಿದ್ದರೆ, ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಸೆನ್ಸರ್) ಎರಡು ವೈರಿನದ್ದಾಗಿದ್ದಲ್ಲಿ ಆ ವೈರ್‌ಗಳು ಅದಲುಬದಲಾಗಿವೆಯಾ ನೋಡಿ.